ಲಘು, ಗುರು ಮತ್ತು ನೂರ ತೊಂಬತ್ನಾಲ್ಕು ಅಂಕಿಗಳು

ಉತ್ಪಲಮಾಲೆಯ ಕ್ರಮಾಂಕ 3,55,799. ಚಂಪಕಮಾಲೆಯದು 7,11,600. ಶಾರ್ದೂಲವಿಕ್ರೀಡಿತದ್ದು 1,49,337, ಮತ್ತೇಭವಿಕ್ರೀಡಿತದ್ದು 2,98,676. ಸ್ರಗ್ಧರೆಗೆ 3,02,993, ಮಹಾಸ್ರಗ್ಧರೆಗೆ 6,05,988. ಪಂಪ, ರನ್ನರನ್ನು ಓದಿದವರಿಗೆ ಈ ಆರು ಹೆಸರುಗಳೂ ಗೊತ್ತು. ಖ್ಯಾತ ಕರ್ಣಾಟಕ ವೃತ್ತಗಳೆಂದು ಶಾಲೆಯಲ್ಲೇ ಬಾಯಿಪಾಠ ಮಾಡಿರುತ್ತೇವೆ. ಸಂಖ್ಯೆಗಳು ಮಾತ್ರ ಹೊಸವು. ಅವು ಯಾರೋ ಪಟ್ಟಿ ಮಾಡುವಾಗ ತಮ್ಮ ಅನುಕೂಲಕ್ಕೆ ಹಚ್ಚಿದ ಗುರುತುಗಳಲ್ಲ. ಆಯಾ ವೃತ್ತದ ನಡಿಗೆಯೊಳಗೇ ಹುದುಗಿರುವ ಸಂಖ್ಯೆಗಳು. ಕಾಗದ, ಪೆನ್ಸಿಲ್ ಇದ್ದರೆ ಯಾರು ಬೇಕಾದರೂ ಐದು ನಿಮಿಷದಲ್ಲಿ ಅವನ್ನು ಹೊರತೆಗೆಯಬಹುದು.

ಉತ್ಪಲಮಾಲೆಯನ್ನೇ ತೆಗೆದುಕೊಳ್ಳಿ. ಒಂದು ಪಾದಕ್ಕೆ 20 ಅಕ್ಷರ; ಗಣಗಳು ಭ, ರ, ನ, ಭ, ಭ, ರ, ಕೊನೆಗೊಂದು ಲಘು, ಒಂದು ಗುರು. ಪ್ರತಿ ಅಕ್ಷರದ ತಲೆಯ ಮೇಲೆ ಎಡದಿಂದ 1, 2, 4, 8, 16 ಎಂದು ಇಮ್ಮಡಿಸುತ್ತ ಬರೆಯಿರಿ. ಇಪ್ಪತ್ತನೆಯ ಅಕ್ಷರದ ಹೊತ್ತಿಗೆ 5,24,288 ಬಂದಿರುತ್ತದೆ. ಈಗ ಗುರುಗಳನ್ನೆಲ್ಲ ಬಿಟ್ಟು ಲಘುಗಳ ಮೇಲಿನ ಸಂಖ್ಯೆಗಳನ್ನಷ್ಟೇ ಕೂಡಿ: 2, 4, 16, 64, 128, 256, 1,024, 2,048, 8,192, 16,384, 65,536, 2,62,144. ಮೊತ್ತ 3,55,798. ಅದಕ್ಕೆ ಒಂದು ಸೇರಿಸಿ. 20 ಅಕ್ಷರಗಳಲ್ಲಿ ಸಾಧ್ಯವಿರುವ 10,48,576 ಲಘು-ಗುರು ವಿನ್ಯಾಸಗಳನ್ನು ಶಾಸ್ತ್ರ ಹೇಳಿದ ಕ್ರಮದಲ್ಲಿ ಸಾಲಾಗಿ ಬರೆದರೆ, ಉತ್ಪಲಮಾಲೆ ನಿಲ್ಲುವ ಸಾಲು ಅದು. ಹೀಗೆ ವೃತ್ತದಿಂದ ಸಂಖ್ಯೆಗೆ ಬರುವ ದಾರಿಗೆ ಉದ್ದಿಷ್ಟ ಎಂದು ಹೆಸರು.

ಸಂಖ್ಯೆಯಿಂದ ವೃತ್ತಕ್ಕೆ ಹೋಗುವ ದಾರಿಯೂ ಇದೆ. ಅದರ ಹೆಸರು ನಷ್ಟ. ಪಟ್ಟಿ ಅಳಿಸಿಹೋಗಿದೆ, ಸಾಲಿನ ಸಂಖ್ಯೆ ಮಾತ್ರ ಉಳಿದಿದೆ ಎಂದುಕೊಳ್ಳಿ. ಸಂಖ್ಯೆ ಸಮವಾಗಿದ್ದರೆ ಲಘು ಬರೆದು ಅರ್ಧ ಮಾಡಬೇಕು. ಬೆಸವಾಗಿದ್ದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಬೇಕು. 3,55,799 ಬೆಸ, ಆದ್ದರಿಂದ ಗುರು. ಒಂದು ಕೂಡಿಸಿ ಅರ್ಧಿಸಿದರೆ 1,77,900, ಸಮ, ಲಘು. 88,950, ಮತ್ತೆ ಲಘು. 44,475, ಗುರು. 22,238, ಲಘು. 11,119, ಗುರು. ಗುರು-ಲಘು-ಲಘು, ಗುರು-ಲಘು-ಗುರು: ಭಗಣ, ರಗಣ. ಬರೀ ಅರ್ಧಿಸುತ್ತ ಹೋದಂತೆ, ಕಳೆದುಹೋದ ಉತ್ಪಲಮಾಲೆ ಅಕ್ಷರ ಅಕ್ಷರವಾಗಿ ಎದ್ದು ಬರುತ್ತದೆ.

ಆರು ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ನೋಡಿ. 3,55,799ನ್ನು ಇಮ್ಮಡಿಸಿ ಎರಡು ಕೂಡಿಸಿದರೆ 7,11,600. 1,49,337ನ್ನು ಇಮ್ಮಡಿಸಿ ಎರಡು ಕೂಡಿಸಿದರೆ 2,98,676. 3,02,993ಕ್ಕೂ ಹಾಗೆಯೇ ಮಾಡಿದರೆ 6,05,988. ಉತ್ಪಲಮಾಲೆಯ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಚಂಪಕಮಾಲೆ ಆಗುತ್ತದೆ. ಶಾರ್ದೂಲದಿಂದ ಮತ್ತೇಭವೂ, ಸ್ರಗ್ಧರೆಯಿಂದ ಮಹಾಸ್ರಗ್ಧರೆಯೂ ಹಾಗೆಯೇ ಹುಟ್ಟುತ್ತವೆ. ಆರಂಭದಲ್ಲಿ ಹೊಸದೊಂದು ಅಕ್ಷರ ನುಗ್ಗಿದ್ದರಿಂದ ಹಿಂದಿನ ಅಕ್ಷರಗಳೆಲ್ಲ ಒಂದೊಂದು ಸ್ಥಾನ ಸರಿದು, ಅವುಗಳ ಬೆಲೆ ಇಮ್ಮಡಿಯಾಯಿತು. ಕಿವಿ ಹಿಡಿದ ಸಂಬಂಧವನ್ನೇ ಅಂಕಿಗಳೂ ಹೇಳುತ್ತಿವೆ. ಇದು ಇಂದಿನ ಗಣಕಯಂತ್ರಗಳು ನಡೆಯುವ ದ್ವಿಮಾನ ಪದ್ಧತಿಯ ಲೆಕ್ಕ. ನಮ್ಮಲ್ಲಿ ಇದು ಹುಟ್ಟಿದ್ದು ಛಂದಸ್ಸಿನಲ್ಲಿ, ಎಂದರೆ ಹಾಡುವ ನಾಲಿಗೆಯ ಮೇಲೆ.

ಇದರ ಬೀಜ ಇರುವುದು ಪಿಂಗಲನ ಛಂದಃಸೂತ್ರದಲ್ಲಿ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಇದ್ದನೆಂದು ವಿದ್ವಾಂಸರು ಹೇಳುವ ಈ ಸೂತ್ರಕಾರ, ಲಘು-ಗುರುಗಳ ವಿನ್ಯಾಸಗಳನ್ನು ಎಣಿಸುವ ಬಗೆಗಳನ್ನು ಗ್ರಂಥದ ಕೊನೆಯಲ್ಲಿ ಪುಟ್ಟ ಪುಟ್ಟ ಸೂತ್ರಗಳಾಗಿ ಅಡಕ ಮಾಡಿದ. ಮುಂದೆ ಅವು ಷಟ್ಪ್ರತ್ಯಯಗಳೆಂದು ಹೆಸರಾದವು. ಕ್ರಿ.ಶ. 990ರ ಸುಮಾರಿಗೆ ಒಂದನೆಯ ನಾಗವರ್ಮ ಬರೆದ ಛಂದೋಂಬುಧಿ ಅವನ್ನು ಕನ್ನಡಕ್ಕೆ ತಂದಿತು.

ಛಂದಸ್ಸಿನಲ್ಲಿ ಪಾದಕ್ಕೆ ಒಂದು ಅಕ್ಷರದ ಉಕ್ತೆಯಿಂದ 26 ಅಕ್ಷರದ ಉತ್ಕೃತಿಯವರೆಗೆ 26 ವರ್ಗಗಳಿವೆ. ಅಕ್ಷರ ಒಂದು ಹೆಚ್ಚಿದರೆ ವಿನ್ಯಾಸಗಳು ಇಮ್ಮಡಿ. ಉತ್ಕೃತಿಯೊಂದರಲ್ಲೇ 6,71,08,864 ಸಮವೃತ್ತಗಳು. ಇಪ್ಪತ್ತಾರೂ ವರ್ಗಗಳನ್ನು ಕೂಡಿದರೆ 13,42,17,726. ಇವು ನಾಲ್ಕು ಪಾದಗಳೂ ಒಂದೇ ಬಗೆಯಾಗಿರುವ ವೃತ್ತಗಳು ಮಾತ್ರ. ಪಾದಗಳು ಬೇರೆಬೇರೆಯಾದರೆ? ಪಿಂಗಲ ಅದಕ್ಕೂ ಸೂತ್ರ ಹೇಳಿದ್ದಾನೆ: ಸಮವೃತ್ತಗಳ ಸಂಖ್ಯೆಯನ್ನು ವರ್ಗ ಮಾಡು, ಮತ್ತೆ ವರ್ಗ ಮಾಡು, ಹಿಂದಿನದನ್ನು ಕಳೆ. ಎಂಟೆಂಟು ಅಕ್ಷರಗಳ ನಾಲ್ಕು ಪಾದದ ಅನುಷ್ಟುಪ್ಪಿನಲ್ಲಿ 256 ಸಮ, 65,280 ಅರ್ಧಸಮ, 429,49,01,760 ವಿಷಮ. ಒಟ್ಟು 429,49,67,296. ಈ ಕೊನೆಯ ಸಂಖ್ಯೆಯನ್ನು ನೆನಪಿಡಿ, ಜೈನ ಗ್ರಂಥವೊಂದರಲ್ಲಿ ಮತ್ತೆ ಎದುರಾಗುತ್ತದೆ.

ಷಟ್ಪ್ರತ್ಯಯಗಳಲ್ಲಿ ಕೊನೆಯದು ಅಧ್ವ. ಎಲ್ಲ ವಿನ್ಯಾಸಗಳನ್ನೂ ಒಂದರ ಕೆಳಗೊಂದು ಬರೆಯಲು ಎಷ್ಟು ಜಾಗ ಬೇಕು ಎಂಬ ಲೆಕ್ಕ ಅದು. ಸಾಲಿಗೊಂದು ಅಂಗುಲ, ಎರಡು ಸಾಲುಗಳ ನಡುವೆ ಒಂದು ಅಂಗುಲ ತೆರಪು. ಆದ್ದರಿಂದ ಸಂಖ್ಯೆಯನ್ನು ಇಮ್ಮಡಿಸಿ ಒಂದು ಕಳೆಯಬೇಕು. ಉತ್ಕೃತಿಗೆ 13,42,17,727 ಅಂಗುಲ. ಅಂಗುಲಕ್ಕೆ 1.9 ಸೆಂಟಿಮೀಟರ್ ಎಂದು ಹಿಡಿದರೆ ಸುಮಾರು 2,550 ಕಿಲೋಮೀಟರ್. ಕನ್ಯಾಕುಮಾರಿಯಲ್ಲಿ ಬರೆಯತೊಡಗಿ ನೆಟ್ಟನೆ ಉತ್ತರಕ್ಕೆ ನಡೆದರೆ ದೆಹಲಿ ದಾಟಿದ ಮೇಲೂ ಪಟ್ಟಿ ಮುಗಿಯದು. ಒಂದು ಸಾಲು ಓದಲು ಹತ್ತು ಸೆಕೆಂಡು ಎಂದರೆ, ಹಗಲೂ ರಾತ್ರಿ ಓದಿದರೂ 21 ವರ್ಷ ಬೇಕು. ಯಾರೂ ಬರೆಯದ, ಬರೆಯಲಾಗದ ಪಟ್ಟಿಗೆ ಎಷ್ಟು ನೆಲ ಬೇಕೆಂದು ಲೆಕ್ಕ ಹಾಕಿಟ್ಟವರ ಮನಸ್ಸು ಎಂಥದು! ಪಟ್ಟಿಯ ಯಾವುದೇ ಸಾಲನ್ನು ಪಟ್ಟಿಯೇ ಇಲ್ಲದೆ ಎತ್ತಿ ಕೊಡುವ ನಷ್ಟದ ವಿಧಾನವೂ ಅವರದೇ.

ನಮ್ಮ ಆರು ವೃತ್ತಗಳು 19ರಿಂದ 22 ಅಕ್ಷರಗಳವರೆಗಿನ ನಾಲ್ಕು ವರ್ಗಗಳಿಗೆ ಸೇರಿದವು. ಆ ನಾಲ್ಕರಲ್ಲಿ ಸಾಧ್ಯವಿರುವ ವಿನ್ಯಾಸಗಳು 78,64,320. ಅಷ್ಟರಲ್ಲಿ ಕನ್ನಡದ ಕಿವಿ ಹೆಚ್ಚಾಗಿ ಒಲಿದದ್ದು ಈ ಆರಕ್ಕೆ. 941ರ ವಿಕ್ರಮಾರ್ಜುನ ವಿಜಯದಲ್ಲಿ ಈ ಆರರ ಗತ್ತು ಕೇಳಿದವರಿಗೆ ಆಯ್ಕೆಯ ಹಿರಿಮೆ ಗೊತ್ತು. 78 ಲಕ್ಷದ ಹಿನ್ನೆಲೆಯಲ್ಲಿ ನೋಡಿದಾಗ ಅದರ ಅಳತೆಯೂ ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆ ಎಣಿಸಿದರು? ವ್ಯಾಪಾರಕ್ಕೆ, ಕಂದಾಯಕ್ಕೆ ಇದು ಬೇಕಿರಲಿಲ್ಲ. ನನಗೆ ತೋರುವ ಉತ್ತರ ಒಂದೇ: ಯಾವುದೂ ಬಿಟ್ಟುಹೋಗಬಾರದು ಎಂಬ ಶ್ರದ್ಧೆ. ಛಂದಸ್ಸು ವೇದಾಂಗ; ವೇದಪುರುಷನ ಪಾದವೆಂದೇ ಅದನ್ನು ಕರೆದರು. ಒಂದು ಅಕ್ಷರ ಜಾರಿದರೂ ಮಂತ್ರ ಕೆಡುತ್ತದೆಂದು ನಂಬಿದವರಿಗೆ ಅಕ್ಷರ ಎಣಿಸುವುದೇ ಉಪಾಸನೆ.

ಯಜ್ಞವೇದಿಯಲ್ಲಿ ಈ ಶ್ರದ್ಧೆ ಇಟ್ಟಿಗೆಯ ರೂಪ ತಾಳಿತು. ಯಜುರ್ವೇದದ ಅಗ್ನಿಚಯನ ಮಂತ್ರದಲ್ಲಿ, ಜೋಡಿಸಿದ ಇಟ್ಟಿಗೆಗಳು ತನಗೆ ಹಾಲೂಡುವ ಹಸುಗಳಾಗಲಿ ಎಂದು ಬೇಡುವವನು ಏಕ, ದಶ, ಶತ, ಸಹಸ್ರ ಎಂದು ಹತ್ತು ಹತ್ತು ಪಟ್ಟು ಏರಿಸುತ್ತ ಪರಾರ್ಧದವರೆಗೆ ಹೋಗುತ್ತಾನೆ. ಪರಾರ್ಧ ಎಂದರೆ ಒಂದರ ಮುಂದೆ 12 ಸೊನ್ನೆ, ಒಂದು ಲಕ್ಷ ಕೋಟಿ. ಶತಪಥ ಬ್ರಾಹ್ಮಣದ ಲೆಕ್ಕ ಇನ್ನೂ ಬೆರಗಿನದು. ವರ್ಷಕ್ಕೆ 360 ದಿನ, ದಿನಕ್ಕೆ 30 ಮುಹೂರ್ತ, ಒಟ್ಟು 10,800 ಮುಹೂರ್ತ. ಆದ್ದರಿಂದ ವೇದಿಗೆ 10,800 ಲೋಕಂಪೃಣ ಇಟ್ಟಿಗೆಗಳು. ಋಕ್ಕುಗಳನ್ನು ಪಂಕ್ತಿಗಳಾಗಿ ಅಳೆದರೆ 10,800. ಪಂಕ್ತಿಗೆ 40 ಅಕ್ಷರ, ಒಟ್ಟು 4,32,000. ಬೃಹತಿಗಳಾಗಿ ಅಳೆದರೆ 12,000. ಬೃಹತಿಗೆ 36 ಅಕ್ಷರ, ಮತ್ತೆ 4,32,000. ಮುಂದೆ ಪುರಾಣಗಳು ಕಲಿಯುಗಕ್ಕೆ ಕೊಟ್ಟ ವರ್ಷಗಳೂ ಅಷ್ಟೇ. ಕಾಲ, ಇಟ್ಟಿಗೆ, ಅಕ್ಷರ ಮೂರನ್ನೂ ಒಂದೇ ಸಂಖ್ಯೆಯಲ್ಲಿ ಕಾಣುವ ತವಕ ಅಲ್ಲಿದೆ.

ಆ ವೇದಿಗಳ ಆಕಾರ ಗಿಡುಗ, ಆಮೆ, ರಥಚಕ್ರ ಎಂದು ಬೇರೆಬೇರೆಯಾದರೂ ಮೊದಲ ಚಯನದ ವಿಸ್ತೀರ್ಣ ಏಳೂವರೆ ಚದರ ಪುರುಷವೇ ಆಗಿರಬೇಕು. ಆಕಾರ ಬದಲಾಗಿ ವಿಸ್ತೀರ್ಣ ಉಳಿಯಬೇಕು ಎಂಬ ಈ ವ್ರತದಿಂದಲೇ ಶುಲ್ಬಸೂತ್ರಗಳ ಜ್ಯಾಮಿತಿ ಬೆಳೆಯಿತು. ಚೌಕವನ್ನು ಇಮ್ಮಡಿಸಲು ಬೇಕಾದ ಎರಡರ ವರ್ಗಮೂಲಕ್ಕೆ ಬೌಧಾಯನ ಕೊಟ್ಟ ಬೆಲೆ ನಮ್ಮ ಭಿನ್ನರಾಶಿಯಲ್ಲಿ 577/408. ಒಂದು ಕಿಲೋಮೀಟರ್ ಬಾಹುವಿನ ಚೌಕಕ್ಕೆ ಈ ಬೆಲೆಯಿಂದ ಕರ್ಣ ಎಳೆದರೆ ತಪ್ಪುವುದು ಎರಡು ಮಿಲಿಮೀಟರ್ ಚಿಲ್ಲರೆ. ಹಗ್ಗ, ಗೂಟ ಹಿಡಿದು ನೆಲದ ಮೇಲೆ ಕೂತವರ ನಿಖರತೆ ಅದು.

ಯಜುರ್ವೇದದ ಆ ಪರಾರ್ಧವನ್ನು ನಮ್ಮ ಒಂದು ಷಟ್ಪದಿ ಹೇಗೆ ದಾಟುತ್ತದೆ ನೋಡೋಣ. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಮೂರು ಮಾತ್ರೆಯನ್ನು ಮೂರು ಬಗೆಯಲ್ಲಿ ತುಂಬಬಹುದು, ನಾಲ್ಕು ಮಾತ್ರೆಯನ್ನು ಐದು ಬಗೆಯಲ್ಲಿ, ಐದನ್ನು ಎಂಟು ಬಗೆಯಲ್ಲಿ. 1, 2, 3, 5, 8, 13 ಎಂದು ಹಿಂದಿನ ಎರಡನ್ನು ಕೂಡುತ್ತ ಬೆಳೆಯುವ ಈ ಸರಣಿ ಇಂದು ಫಿಬೊನಾಚಿಯ ಹೆಸರಿನಲ್ಲಿ ಪ್ರಸಿದ್ಧ; ಅವನ ಗ್ರಂಥ 1202ರದು. ಮಾತ್ರೆಗಳನ್ನು ಎಣಿಸುತ್ತ ಈ ನಿಯಮ ಹೇಳಿದ ವಿರಹಾಂಕ ಅವನಿಗಿಂತ ಎಷ್ಟೋ ಶತಮಾನ ಹಿಂದಿನವನು; ಜೈನ ಆಚಾರ್ಯ ಹೇಮಚಂದ್ರ 12ನೆಯ ಶತಮಾನದವನು. ಕನ್ನಡ ಛಂದಸ್ಸು ಇಲ್ಲಿ ಒಂದು ಕಟ್ಟಳೆ ಹಾಕುತ್ತದೆ: ಲಘುವಿನ ಹಿಂದೆಯೇ ಗುರು ಬರುವಂತೆ ಗಣ ಆರಂಭವಾಗಬಾರದು. ಆಗ ಮೂರು ಮಾತ್ರೆಗೆ ಎರಡು ಬಗೆ, ನಾಲ್ಕಕ್ಕೆ ನಾಲ್ಕು ಬಗೆ ಉಳಿಯುತ್ತವೆ. ಮೊದಲೆರಡು ಸಾಲುಗಳಿಗೆ 64 ಮತ್ತು 64, ಮೂರನೆಯ ಸಾಲಿಗೆ 512. ಅರ್ಧ ಪದ್ಯಕ್ಕೆ 20,97,152. ಇಡೀ ಪದ್ಯಕ್ಕೆ ಅದರ ವರ್ಗ: 4 ಲಕ್ಷ 39 ಸಾವಿರದ 804 ಕೋಟಿಗೂ ಮಿಗಿಲು. ನಾಲ್ಕು ಪರಾರ್ಧ ದಾಟಿತು! ಕುಮಾರವ್ಯಾಸ ಬರೆದದ್ದು ಎಂಟು ಸಾವಿರಕ್ಕೂ ಹೆಚ್ಚು ಭಾಮಿನಿಗಳನ್ನು. ಅಷ್ಟು ಬರೆದರೂ ಎಲ್ಲೂ ಏಕತಾನ ಎನಿಸದಿರುವುದಕ್ಕೆ ಅವನ ಪ್ರತಿಭೆಯೇ ಕಾರಣ. ಆ ಪ್ರತಿಭೆಗೆ ಆಡಲು ಸಿಕ್ಕ ಅಂಗಳ ಎಷ್ಟು ದೊಡ್ಡದಿತ್ತು ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಅಕ್ಷರಕ್ಕೆ ಹಿಡಿದ ಪ್ರಸ್ತಾರದ ಹುಚ್ಚು, ಎಂದರೆ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಸಾಲು ಹಚ್ಚುವ ಹುಚ್ಚು, ಸ್ವರಕ್ಕೂ ಹಿಡಿಯಿತು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಸ್ವರಗಳಿಗೂ ಪ್ರಸ್ತಾರ, ನಷ್ಟ, ಉದ್ದಿಷ್ಟ ಹೇಳಿದ. ಏಳು ಸ್ವರಗಳನ್ನು ಒಂದೂ ಮರುಕಳಿಸದಂತೆ ಜೋಡಿಸುವ ಬಗೆಗಳು 5,040. ಅವನ 56 ಮೂರ್ಛನೆಗಳಿಗೆ ಅದನ್ನು ಹರಡಿದರೆ 2,82,240 ಪೂರ್ಣ ಕೂಟತಾನಗಳು. ಖಂಡಮೇರು ಎಂಬ ಕೋಷ್ಟಕದ ಮನೆಗಳಲ್ಲಿ ಹರಳುಗಳನ್ನಿಟ್ಟು ಯಾವ ತಾನ ಎಷ್ಟನೆಯದು ಎಂದು ಕಂಡುಹಿಡಿಯುವ ಬಗೆಯನ್ನೂ ತಿಳಿಸಿದ. ಆ ಗ್ರಂಥಕ್ಕೆ ಕಲಾನಿಧಿ ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ 15ನೆಯ ಶತಮಾನದ ವಿಜಯನಗರದವನು.

1660ರ ಸುಮಾರಿಗೆ ತಂಜಾವೂರಿನಲ್ಲಿ ವೆಂಕಟಮಖಿ ಚತುರ್ದಂಡಿಪ್ರಕಾಶಿಕೆಯನ್ನು ಬರೆದ. ಅವನ ತಂದೆ ಗೋವಿಂದ ದೀಕ್ಷಿತರದು ಕನ್ನಡ ಮನೆತನ. ಪೂರ್ವಾಂಗದಲ್ಲಿ ಆರು ಬಗೆ, ಉತ್ತರಾಂಗದಲ್ಲಿ ಆರು ಬಗೆ, ಮಧ್ಯಮ ಎರಡು: 72 ಮೇಳಗಳು. ಅವನ ಕಾಲಕ್ಕೆ ಬಳಕೆಯಲ್ಲಿದ್ದವು ಹತ್ತೊಂಬತ್ತೇ. ಉಳಿದ 53 ಮೇಳಗಳನ್ನು ಯಾರೂ ಹಾಡಿರಲಿಲ್ಲ; ಆದರೂ ಅವಕ್ಕೆ ಜಾಗ ಮೀಸಲಿಟ್ಟ. ಮುಂದಿನ ಶತಮಾನಗಳ ವಾಗ್ಗೇಯಕಾರರು ಆ ಖಾಲಿ ಮನೆಗಳಿಗೆ ಒಬ್ಬೊಬ್ಬರಾಗಿ ಬಂದು ದೀಪ ಹಚ್ಚಿದರು. ಕಲೆಗಾಗಿ ಮಾಡಿದ ಎಣಿಕೆ ಕಲೆಗೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಕನ್ನಡ ನಾಡಿನ ದೊಡ್ಡ ಗಣಿತಜ್ಞನಂತೂ ಸಂಖ್ಯೆಗಳನ್ನೇ ಆಭರಣ ಮಾಡಿದ. ಕ್ರಿ.ಶ. 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಜಿನಸ್ತುತಿಯಿಂದ ಆರಂಭಿಸಿದ. ಗಣಿತ ಎಲ್ಲೆಲ್ಲಿ ಬೇಕು ಎಂದು ಹೇಳುವಾಗ ಅವನು ಕೊಡುವ ಪಟ್ಟಿಯಲ್ಲಿ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ಅಲಂಕಾರ, ಕಾವ್ಯ ಎಲ್ಲ ಇವೆ. ಗ್ರಹಗಳ ಚಲನೆಯೂ ಇದೆ. ಗುಣಾಕಾರದ ಅಧ್ಯಾಯದಲ್ಲಿ ಅವನು ಒಡ್ಡುವ ಕೆಲವು ಲೆಕ್ಕಗಳ ಉತ್ತರ ಕಂಠಾಭರಣ. 2,79,94,681ನ್ನು 441ರಿಂದ ಗುಣಿಸಿದರೆ 12345654321. 14,28,57,143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮೊದಲನೆಯದರಲ್ಲಿ ಮಣಿಗಳು ನಡುವಿನ ಪದಕದತ್ತ ಒಂದೊಂದೇ ದಪ್ಪವಾಗುತ್ತ ಬಂದು ಮತ್ತೆ ಕಿರಿದಾಗುತ್ತವೆ. ಕಾಯುವ ವಿದ್ಯಾರ್ಥಿಗೆ ಉತ್ತರ ಸರಿ ಬಂತೆಂದು ಸೌಂದರ್ಯವೇ ಸಾರುತ್ತದೆ.

ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆ ಎಷ್ಟು ಎಂಬ ಪ್ರಶ್ನೆಗೆ ಯಾವ ಸಂಖ್ಯೆಗೂ ಒಗ್ಗುವ ಸೂತ್ರವನ್ನು ಹೇಳಿದವನೂ ಅವನೇ. ಉತ್ಪಲಮಾಲೆಯಂತೆ 8 ಗುರು, 12 ಲಘು ಇರುವ ಪಾದಗಳು ಎಷ್ಟು ಎಂದು ಅವನ ಸೂತ್ರವನ್ನು ಕೇಳಿದರೆ 1,25,970 ಎನ್ನುತ್ತದೆ. ತೂಕ ಒಂದೇ, ಅಕ್ಷರ ಅಷ್ಟೇ. ನಡಿಗೆ ಮಾತ್ರ 1,25,970 ಬಗೆ.

ಇನ್ನು ಜೈನ ಮುನಿಗಳ ಲೆಕ್ಕಕ್ಕೆ ಬರೋಣ. ಛಂದಸ್ಸಿನವರಿಗೆ ಯಾವ ನಡಿಗೆಯೂ ಬಿಟ್ಟುಹೋಗಬಾರದಿತ್ತು. ಇವರಿಗೆ ಯಾವ ಜೀವವೂ, ಯಾವ ಕ್ಷಣವೂ ಬಿಟ್ಟುಹೋಗಬಾರದು. 84 ಲಕ್ಷ ವರ್ಷ ಒಂದು ಪೂರ್ವಾಂಗ. 84 ಲಕ್ಷ ಪೂರ್ವಾಂಗ ಒಂದು ಪೂರ್ವ. ಹೀಗೆ ಪ್ರತಿ ಮೆಟ್ಟಿಲಿಗೂ ಹೆಸರಿಟ್ಟು, 84 ಲಕ್ಷವನ್ನು 28 ಬಾರಿ ಗುಣಿಸಿ ಅನುಯೋಗದ್ವಾರವೆಂಬ ಆಗಮದ ಪರಂಪರೆ ತಲುಪುವ ತುದಿ ಶೀರ್ಷಪ್ರಹೇಲಿಕೆ: 54 ಅಂಕಿಗಳು, ಅವುಗಳ ಮುಂದೆ 140 ಸೊನ್ನೆಗಳು, ಒಟ್ಟು 194 ಸ್ಥಾನಗಳು. ಕಾಣುವ ವಿಶ್ವದಲ್ಲಿರುವ ಪರಮಾಣುಗಳೆಷ್ಟು ಎಂಬ ಇಂದಿನ ಅಂದಾಜಿಗೆ 81 ಸ್ಥಾನಗಳು ಸಾಕು.

ಅಲ್ಲಿಗೂ ಅವರು ನಿಲ್ಲಲಿಲ್ಲ. ಶೀರ್ಷಪ್ರಹೇಲಿಕೆಯ ಆಚೆ ಉಪಮೆಯಿಂದ ಅಳೆದರು. ಒಂದು ಯೋಜನ ಅಗಲ, ಒಂದು ಯೋಜನ ಆಳದ ದುಂಡು ಗುಂಡಿ. ಹುಟ್ಟಿ ಏಳು ದಿನವಾಗದ ಕುರಿಮರಿಯ ಕೂದಲಿನ ಅತಿಸೂಕ್ಷ್ಮ ತುಂಡುಗಳನ್ನು ಅದರಲ್ಲಿ ಒತ್ತಿ ತುಂಬಬೇಕು. ನೂರು ವರ್ಷಕ್ಕೊಮ್ಮೆ ಒಂದು ತುಂಡು ತೆಗೆಯಬೇಕು. ಗುಂಡಿ ಬರಿದಾಗುವ ಕಾಲ ಒಂದು ವ್ಯವಹಾರಪಲ್ಯ. ತುಂಡುಗಳ ಸಂಖ್ಯೆಯನ್ನೂ ಅವರು ಲೆಕ್ಕ ಹಾಕಿದ್ದಾರೆ: 45 ಅಂಕಿಗಳು, 4134ರಿಂದ ಆರಂಭ, ಕೊನೆಯಲ್ಲಿ 18 ಸೊನ್ನೆ. ಇಂದಿನ ವಿಜ್ಞಾನ ಹೇಳುವ ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಆ ಗುಂಡಿಯಿಂದ ತೆಗೆಯಬಹುದಾದ ತುಂಡುಗಳು ಕೇವಲ 13 ಕೋಟಿ 80 ಲಕ್ಷ. ಗುಂಡಿಯನ್ನು ಮುಟ್ಟಿದಂತೆಯೂ ಕಾಣದು. ಇಷ್ಟಾಗಿ ಪಲ್ಯಗಳಲ್ಲಿ ಇದು ಅತ್ಯಂತ ಚಿಕ್ಕದು.

ಈ ಲೆಕ್ಕಗಳನ್ನು ಬೆಳೆಸಿದವರಲ್ಲಿ ಒಬ್ಬರು 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ, ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು. ಅವರ ತ್ರಿಲೋಕಸಾರ ಸಂಖ್ಯಾಶ್ರೇಢಿಗಳ ಗಣಿ. ಗೊಮ್ಮಟಸಾರದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆ ಬರುತ್ತದೆ: ಎರಡನ್ನು ಐದು ಸಲ ವರ್ಗ ಮಾಡುತ್ತ ಹೋಗಿ, ಬಂದದ್ದನ್ನು ಘನ ಮಾಡು. 4, 16, 256, 65,536, ಐದನೆಯದು 429,49,67,296. ಅನುಷ್ಟುಪ್ ಶ್ಲೋಕದ ಒಟ್ಟು ವಿನ್ಯಾಸಗಳೆಂದು ಆಗಲೇ ಕಂಡ ಸಂಖ್ಯೆ! ಜೈನ ಪರಂಪರೆಯಲ್ಲಿ ಅದಕ್ಕೆ ಬಾದಾಲ ಎಂದು ಹೆಸರು. ಅದರ ಘನ 29 ಅಂಕಿಗಳದು: 79228162514264337593543950336. ಶ್ಲೋಕವನ್ನು ಎಣಿಸಿದವರೂ ಜೀವರನ್ನು ಎಣಿಸಿದವರೂ ಒಂದೇ ಮೆಟ್ಟಿಲ ಮೇಲೆ ಭೇಟಿಯಾದರು. ಮನುಷ್ಯರೆಷ್ಟು ಎಂಬ ಆ ಉತ್ತರ ಇಂದಿನ ಜನಗಣತಿಗೆ ಹೊಂದದು, ನಿಜ. ಎಣಿಸಲು ಅವರು ಕಟ್ಟಿದ ಏಣಿ ಮಾತ್ರ ಗಟ್ಟಿಯಾದದ್ದು.

ಆ ಏಣಿಯ ಅತ್ಯಂತ ಸೂಕ್ಷ್ಮ ಕೆಲಸ ಇರುವುದು ಧವಲಾ ಟೀಕೆಯಲ್ಲಿ. 9ನೆಯ ಶತಮಾನದ ಮೊದಲ ಭಾಗದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಈ ಮಹಾವ್ಯಾಖ್ಯಾನದ ಹಳೆಯ ಓಲೆಪ್ರತಿಗಳು ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕಷ್ಟೇ ಸಿಗುತ್ತಿದ್ದ ನಿಧಿ. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಧವಲೆಯಲ್ಲಿ ಅರ್ಧಚ್ಛೇದ ಎಂಬ ಪರಿಕಲ್ಪನೆ ಇದೆ: ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅಷ್ಟು. 8ರ ಅರ್ಧಚ್ಛೇದ 3, 1,024ರದು 10. ಗುಣಿಸುವಾಗ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸುವಾಗ ಕಳೆಯುತ್ತವೆ ಎಂಬ ನಿಯಮಗಳೂ ಅಲ್ಲಿವೆ. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದ ಹೋದರೆ ಚತುರ್ಥಚ್ಛೇದ. ಕಾಲೇಜಿನ ಮಕ್ಕಳು ಲಾಗರಿದಮ್ ಎಂದು ಕಲಿಯುವ ಭಾವನೆ ಇದೇ. ಸ್ಕಾಟ್ಲೆಂಡಿನ ನೇಪಿಯರ್ ಅದರ ಕೋಷ್ಟಕಗಳನ್ನು ಪ್ರಕಟಿಸಿದ್ದು 1614ರಲ್ಲಿ. ವೀರಸೇನರು ಕೋಷ್ಟಕ ಮಾಡಲಿಲ್ಲ; ಆದರೆ ಅಗಾಧವನ್ನು ಹಿಡಿಯಲು ಅರ್ಧಿಸುವುದೇ ದಾರಿ ಎಂದು ಎಂಟು ಶತಮಾನ ಮೊದಲೇ ಕಂಡಿದ್ದರು.

ಅರ್ಧಿಸುವ ದಾರಿ ನಮಗೆ ಹೊಸದಲ್ಲ. ಕಳೆದುಹೋದ ಉತ್ಪಲಮಾಲೆಯನ್ನು ಮರಳಿ ತಂದದ್ದೂ ಅದೇ. ಹಾಗಾದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಬಹುದು. 194 ಅಂಕಿಗಳ ಶೀರ್ಷಪ್ರಹೇಲಿಕೆಯನ್ನು ಅರ್ಧಿಸುತ್ತ ಹೋಗಿ. ಎಷ್ಟು ಬಾರಿ ಬೇಕು? ಲಕ್ಷ ಬೇಡ, ಸಾವಿರವೂ ಬೇಡ. 644 ಬಾರಿ ಅರ್ಧಿಸುವಷ್ಟರಲ್ಲಿ ಅದು ಒಂದರ ಹತ್ತಿರ ಬಂದು ನಿಲ್ಲುತ್ತದೆ. ಎಂದರೆ 645 ಅಕ್ಷರಗಳ ಒಂದು ರಚನೆಯಲ್ಲಿ ಸಾಧ್ಯವಿರುವ ಲಘು-ಗುರು ವಿನ್ಯಾಸಗಳು ಶೀರ್ಷಪ್ರಹೇಲಿಕೆಯನ್ನು ಮೀರುತ್ತವೆ.

645 ಅಕ್ಷರ ಎಷ್ಟು ದೊಡ್ಡ ರಚನೆ? ಚಂಪಕಮಾಲೆಯ ಒಂದು ಪದ್ಯದಲ್ಲಿ ನಾಲ್ಕು ಪಾದ ಸೇರಿ 84 ಅಕ್ಷರ. ಎಂಟು ಪದ್ಯಕ್ಕೆ 672. ಅಷ್ಟೇ! ಅಚ್ಚಾದ ಕಾವ್ಯದ ಎರಡು ಪುಟಗಳಲ್ಲಿ ಹಿಡಿಸುವ ಎಂಟು ಪದ್ಯಗಳಷ್ಟು ಉದ್ದದ ಕನ್ನಡಕ್ಕೆ ಇರುವ ನಡಿಗೆಯ ಸಾಧ್ಯತೆಗಳು, ಮುನಿಗಳು ಹೆಸರಿಟ್ಟು ಕರೆದ ಆ ತುದಿಯ ಸಂಖ್ಯೆಗಿಂತ 25 ಕೋಟಿಗೂ ಹೆಚ್ಚು ಪಟ್ಟು ದೊಡ್ಡವು. ಮುನಿಗಳು ಅಗಾಧವನ್ನು ಕಾಲದ ಕೊನೆಯಲ್ಲಿ ಹುಡುಕಿದರು, ಕವಿಗಳು ನಾಲಿಗೆಯ ತುದಿಯಲ್ಲಿ. ಇಬ್ಬರ ಕೈಗೂ ಸಿಕ್ಕಿದ್ದು ಒಂದೇ ಜಾತಿಯ ಸಂಖ್ಯೆ, ಇಬ್ಬರೂ ಅದನ್ನು ಪಳಗಿಸಿದ್ದು ಒಂದೇ ಉಪಾಯದಿಂದ.

ಇಷ್ಟನ್ನು ಬರೆಯಲು ಕಾರಣವಿದೆ. ಗಣಿತವೆಂದರೆ ಬಡ್ಡಿ, ಲಾಭ, ನಷ್ಟ, ತೊಟ್ಟಿ ತುಂಬುವ ನಲ್ಲಿ ಎಂದು ನಂಬಿ ಬೆಳೆಯುವ ಮಕ್ಕಳಿಗೆ, ನಷ್ಟ ಎಂಬುದು ಕಳೆದ ಪದ್ಯವನ್ನು ಹುಡುಕಿ ತರುವ ಲೆಕ್ಕವೂ ಹೌದು ಎಂದು ನಾವು ಹೇಳುವುದಿಲ್ಲ. ಹೈಸ್ಕೂಲಿನ ಕನ್ನಡ ಮೇಷ್ಟ್ರು ಹಲಗೆಯ ಮೇಲೆ ಲಘು-ಗುರು ಹಾಕಿಸುತ್ತಾರೆ, ಗಂಟೆ ಬಾರಿಸುತ್ತದೆ, ಗಣಿತದ ಮೇಷ್ಟ್ರು ಬಂದು ಅದನ್ನೇ ಅಳಿಸಿ ಎರಡರ ಘಾತಗಳನ್ನು ಬರೆಯುತ್ತಾರೆ. ಅಳಿಸಿದ್ದೂ ಬರೆದದ್ದೂ ಒಂದೇ ಪಾಠ ಎಂದು ಮಗುವಿಗೆ ಗೊತ್ತಾಗುವುದೇ ಇಲ್ಲ. ನಾಗವರ್ಮನಿಗೆ, ಮಹಾವೀರನಿಗೆ, ನೇಮಿಚಂದ್ರರಿಗೆ ಈ ಎರಡು ಪೀರಿಯಡ್‌ಗಳ ನಡುವೆ ಗೋಡೆ ಇರಲಿಲ್ಲ.

ಆ ಗೋಡೆ ಕೆಡವಲು ದೊಡ್ಡ ಯೋಜನೆ ಬೇಕಿಲ್ಲ. ಛಂದಸ್ಸಿನ ಪಾಠ ನಡೆಯುವ ದಿನ ಪ್ರತಿ ಮಗುವೂ ತನ್ನದೇ ಒಂದು ಸಾಲು ಬರೆಯಲಿ. ತನ್ನ ಹೆಸರು, ಊರು, ಅಮ್ಮನ ಹೆಸರು ಸೇರಿಸಿದರೂ ಆದೀತು. ಲಘು-ಗುರು ಹಾಕಲಿ, ತಲೆಯ ಮೇಲೆ 1, 2, 4, 8 ಬರೆಯಲಿ, ಲಘುಗಳನ್ನು ಕೂಡಿ ಒಂದು ಸೇರಿಸಲಿ. ಬಂದ ಸಂಖ್ಯೆ ಆ ಸಾಲಿನ ವಿಳಾಸ. ಅದೇ ಸಂಖ್ಯೆಯನ್ನು ಪಕ್ಕದ ಮಗುವಿಗೆ ಕೊಟ್ಟರೆ, ಅದು ಅರ್ಧಿಸಿ ಅರ್ಧಿಸಿ ಆ ಸಾಲಿನ ಲಯವನ್ನು ಮರಳಿ ಕಟ್ಟುತ್ತದೆ. ಒಂದು ತರಗತಿಯ ಅವಧಿಯಲ್ಲಿ ಮುಗಿಯುವ ಈ ಆಟದಲ್ಲಿ ಪಿಂಗಲನ ಸೂತ್ರವಿದೆ, ಧವಲೆಯ ಅರ್ಧಚ್ಛೇದವಿದೆ, ಗಣಕಯಂತ್ರದ ನಡೆಯಿದೆ. ಕನ್ನಡ ಬಲ್ಲ ಪ್ರತಿ ಮಗುವಿಗೂ ಈ ಆಸ್ತಿಯಲ್ಲಿ ಹಕ್ಕಿದೆ. ಅದನ್ನು ಕೈಗೆ ಕೊಡುವುದು ನಮ್ಮ ಕೆಲಸ.